ಮಳೆಮಾಪಕದಲ್ಲಿ ಬಿದ್ದ ಉಪ್ಪುನೀರು

ದೆವ್ವ ಕಂಡಿತು, ಕನಸಿನಲ್ಲಿ ಮೊದಲೇ ಗೊತ್ತಾಯಿತು, ಯಾರೋ ಕೂಗಿ ಎಬ್ಬಿಸಿದಂತಾಯಿತು ಎಂದೆಲ್ಲ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ನಂಬುವುದಿಲ್ಲ ಎಂದಷ್ಟೇ ಅಲ್ಲ, ಹೇಸಿಗೆಯೇ ಬರುತ್ತದೆ. ಮದುವೆ ಮನೆಯಲ್ಲಿ ಊಟವಾದ ಮೇಲೆ ಎಲೆ ಅಡಿಕೆ ಮೆಲ್ಲುತ್ತ, ದನಿ ಇಳಿಸಿ, ಇಂಥವರು ಸಾಯುತ್ತಾರೆಂದು ತಮಗೆ ಮುಂಚೆಯೇ ಹೊಳೆದಿತ್ತು ಎಂದು ಹೇಳುವವರ ಮುಖವನ್ನು ನೀವೂ ನೋಡಿರಬಹುದು. ಸತ್ತವರ ಬಗ್ಗೆ ಮರುಕಕ್ಕಿಂತ, ತಮಗೆ ಮೊದಲೇ ತಿಳಿದಿತ್ತು ಎಂಬ ಸುಖವೇ ಅಲ್ಲಿ ಹೆಚ್ಚಾಗಿ ಕಾಣುತ್ತದೆ. ನಾನು ಧಾರವಾಡದ ಕಾಲೇಜೊಂದರಲ್ಲಿ ಬಹಳ ವರ್ಷ ರಸಾಯನಶಾಸ್ತ್ರ ಕಲಿಸಿದವಳು. ಇಂಥ ಮಾತು ಶುರುವಾದ ಕೂಡಲೇ ಕೈ ತೊಳೆಯುವ ನೆಪ ಮಾಡಿ ಎದ್ದು ಹೋಗುವುದು ನನ್ನ ರೂಢಿ.

ಅಂಥ ನಾನೇ ಇದನ್ನು ಬರೆಯಲು ಕೂತಿದ್ದೇನೆ. ನಂಬಿರಿ ಎಂದು ನಿಮ್ಮನ್ನು ಕೇಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಓದಿದ ಮೇಲೆ ನೀವು ಕೈ ತೊಳೆಯಲು ಎದ್ದು ಹೋದರೂ ನನಗೆ ಬೇಸರವಿಲ್ಲ.

ಹುಬ್ಬಳ್ಳಿ-ಧಾರವಾಡದಲ್ಲಿ ಹವಾಮಾನದ ಹುಚ್ಚು ಹಿಡಿದವರದ್ದೊಂದು ಗುಂಪಿದೆ. ಈಗಲೂ ಇದೆ, ನಾನು ಅದರಲ್ಲಿಲ್ಲ. ಗುಂಪು ಕಟ್ಟಿದವರು ಅರಳೆ ವ್ಯಾಪಾರದ ಪಾಟೀಲರು. ಅವರಿಗಿಂತ ಹಿರಿಯರೂ ಅವರನ್ನು ಕಾಕಾ ಎಂದೇ ಕರೆಯುತ್ತಾರೆ. ಮಳೆ ನೋಡಿ ವ್ಯಾಪಾರ ಮಾಡುವ ಮನೆತನ ಅವರದು. ಅಂಗಡಿಯನ್ನು ಮಗ ನೋಡಿಕೊಳ್ಳತೊಡಗಿದ ಮೇಲೆ ಕಾಕಾ ವ್ಯಾಪಾರ ಬಿಟ್ಟರು, ಆಕಾಶವನ್ನು ಬಿಡಲಿಲ್ಲ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರುವ ತಮ್ಮ ಅಂಗಡಿಯ ಮೇಲಿನ ಕೋಣೆಯಲ್ಲಿ ಒಂದು ದೊಡ್ಡ ಪರದೆ ಹಾಕಿಸಿ, ಉಪಗ್ರಹದ ಚಿತ್ರಗಳನ್ನು ನೋಡುತ್ತ ಕೂರುವುದು ಅವರ ದಿನಚರಿಯಾಯಿತು. ಅವರಿಗೆ ಬಲಗೈಯಾಗಿ ಶ್ರೀಧರ ಎಂಬ ಎಂಜಿನಿಯರ್ ಬಂದ. ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಕೆಲಸ, ಮೂವತ್ತರ ಆಸುಪಾಸು, ಜಗತ್ತಿನ ಯಾವ ಮೂಲೆಯ ಬಿರುಗಾಳಿಯ ನಕ್ಷೆ ಕೇಳಿದರೂ ಲ್ಯಾಪ್‌ಟಾಪಿನಲ್ಲಿ ತೆಗೆದು ತೋರಿಸುತ್ತಿದ್ದ. ಉಳಿದವರು ನನ್ನಂಥವರು: ಮಾಸ್ತರರು, ಬ್ಯಾಂಕಿನವರು, ಕೈಯಲ್ಲಿ ಸ್ವಲ್ಪ ಹೊತ್ತು ಇದ್ದವರು.

ನಮ್ಮೆಲ್ಲರ ಮಾಳಿಗೆಯ ಮೇಲೂ ಒಂದೊಂದು ಮಳೆಮಾಪಕ ಇತ್ತು. ದೊಡ್ಡ ಕೊಳವೆಯಂಥ ಡಬ್ಬಿ, ಮೇಲೆ ಆಲಿಕೆ, ಒಳಗೆ ನೀರು ಕೂಡುವ ಬಾಟಲಿ. ಇವನ್ನೆಲ್ಲ ಶ್ರೀಧರನೇ ಒಂದೇ ಅಳತೆಗೆ ಮಾಡಿಸಿ ತಂದಿದ್ದ. ಬೆಳಿಗ್ಗೆ ಎಂಟೂವರೆಗೆ ಮಾಳಿಗೆ ಹತ್ತಿ, ಬಾಟಲಿಯ ನೀರನ್ನು ಗಾಜಿನ ಅಳತೆಗೊಳವೆಗೆ ಹೊಯ್ದು, ಎಷ್ಟು ಬಿತ್ತೆಂದು ಗುಂಪಿಗೆ ಬರೆಯಬೇಕು. ಬೀಳದಿದ್ದರೆ ಸೊನ್ನೆ ಎಂದು ಬರೆಯಬೇಕು. ಜ್ವರವಿರಲಿ, ನೆಂಟರಿರಲಿ, ಮನೆಯಲ್ಲಿ ಪೂಜೆಯಿರಲಿ, ಲೆಕ್ಕ ತಪ್ಪಿಸುವಂತಿಲ್ಲ. ತಪ್ಪಿಸಿದವರನ್ನು ಕಾಕಾ ಬೈಯುತ್ತಿರಲಿಲ್ಲ. ಮರುದಿನ ಅವರ ನಮಸ್ಕಾರಕ್ಕೆ ಉತ್ತರ ಕೊಡುತ್ತಿರಲಿಲ್ಲ, ಅಷ್ಟೇ.

ಇನ್ನೊಂದು ಪದ್ಧತಿ ಇತ್ತು. ವರ್ಷದ ಮೊದಲ ಮಳೆ ಮಾಪಕದಲ್ಲಿ ಬಿದ್ದ ದಿನ, ಅಳತೆ ಮುಗಿದ ಮೇಲೆ ಆ ನೀರನ್ನು ಚೆಲ್ಲುವಂತಿಲ್ಲ. ಅಂಗೈ ಗುಳಿ ಮಾಡಿ ಹಾಕಿಕೊಂಡು ತೀರ್ಥದಂತೆ ಕುಡಿಯಬೇಕು, ಒದ್ದೆ ಕೈಯನ್ನು ತಲೆಗೆ ಒರೆಸಿಕೊಳ್ಳಬೇಕು, ಆಮೇಲೆ ಗುಂಪಿಗೆ 'ತೀರ್ಥ ಆತು' ಎಂದು ಬರೆಯಬೇಕು. ಧೂಳು, ಪಾರಿವಾಳದ ಹಿಕ್ಕೆ ಇವೆಲ್ಲ ಬೀಳುವ ಮಾಳಿಗೆಯ ನೀರನ್ನು ರಸಾಯನಶಾಸ್ತ್ರದವಳು ಕುಡಿಯುವುದೇ ಎಂದು ನನ್ನ ಗಂಡ ನಗುತ್ತಿದ್ದ. ನಾನು ಕುಡಿಯುತ್ತಿದ್ದೆ. ಬೇಸಿಗೆಯೆಲ್ಲ ಬೋರಿನ ಗಡಸು ನೀರು ಕುಡಿದ ನಾಲಿಗೆಗೆ ಆ ನೀರಿನ ಸಪ್ಪೆತನ ಬಹಳ ಹಿತವಾಗುತ್ತಿತ್ತು.

ಈ ಗುಂಪಿಗೆ ನನ್ನ ತಂಗಿ ಗಿರಿಜಾಳನ್ನು ಸೇರಿಸಿದವಳು ನಾನೇ. ಅವ್ವ ತೀರಿಕೊಂಡಾಗ ಅವಳಿನ್ನೂ ಎರಡು ಜಡೆ ಹಾಕಿಕೊಂಡು ಸಾಲಿಗೆ ಹೋಗುವ ಹುಡುಗಿ. ತಲೆ ಬಾಚಿದ್ದು, ಪಾಠ ಓದಿಸಿದ್ದು, ನೌಕರಿಗೆ ಅರ್ಜಿ ಹಾಕಿಸಿದ್ದು ಎಲ್ಲ ನಾನು. ಅವಳಿಗೆ ಹೈಸ್ಕೂಲು ಮಾಸ್ತರಿಕೆ ಸಿಕ್ಕಿದ್ದು ಕರಾವಳಿಯ ಒಂದು ಸಣ್ಣ ಊರಿನಲ್ಲಿ. ಬಾಡಿಗೆ ಮನೆ ಹಿಡಿದದ್ದು ಸಮುದ್ರದ ದಂಡೆಗೆ. ಮನೆಯ ಮುಂದೆ ಒಂದು ಅಂಗಳ, ಅಂಗಳದಾಚೆ ಸೊಂಟದೆತ್ತರದ ಕಲ್ಲಿನ ಗೋಡೆ, ಗೋಡೆಯಾಚೆ ಮರಳು, ಆಮೇಲೆ ನೀರು. ಮೊದಲ ಸಲ ನೋಡಲು ಹೋದಾಗ, ಅವಳ ಕೈ ಹಿಡಿದುಕೊಂಡು ಮೊಣಕಾಲು ನೀರಿಗೆ ಇಳಿದಿದ್ದೆ. ಒಂದು ತೆರೆ ಬಂದು ನನ್ನನ್ನು ಕೆಡವಿತು, ಬಾಯಿ ಮೂಗಿನ ತುಂಬ ನೀರು ತುಂಬಿತು. ಗಿರಿಜಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ರುಚಿ ನನಗೆ ಎರಡು ದಿನ ಹೋಗಲಿಲ್ಲ.

ಸಮುದ್ರದ ಎದುರಿಗೇ ಒಬ್ಬ ಸದಸ್ಯೆ ಸಿಕ್ಕಳೆಂದು ಕಾಕಾಗೆ ಆದ ಸಂತೋಷ ಹೇಳತೀರದು. ಶ್ರೀಧರ ಒಂದು ಮಾಪಕವನ್ನು ಬಸ್ಸಿನಲ್ಲಿ ಹಾಕಿ ಕಳಿಸಿದ. ಮನೆಯ ಸೂರಾಗಲಿ ತೆಂಗಿನ ಗರಿಯಾಗಲಿ ಅಡ್ಡ ಬರಬಾರದು, ಬಯಲಿನಲ್ಲೇ ಇಡಬೇಕು ಎಂದು ಹೇಳಿದ. ಗಿರಿಜಾಳ ಅಂಗಳದಲ್ಲಿ ಅಂಥ ಜಾಗ ಇದ್ದದ್ದು ಒಂದೇ, ಕಲ್ಲಿನ ಗೋಡೆಯ ಹತ್ತಿರದ ಮೂಲೆ. ಅವಳು ಅಲ್ಲಿಯೇ ಇಟ್ಟಳು. ಅಂದಿನಿಂದ ಒಂದು ದಿನವೂ ಲೆಕ್ಕ ತಪ್ಪಿಸಿದವಳಲ್ಲ. ಮಾಡುವ ಕೆಲಸವನ್ನು ಅರ್ಧಕ್ಕೆ ಬಿಡಬಾರದೆಂದು ನಾನೇ ಅಲ್ಲವೇ ಅವಳಿಗೆ ಕಲಿಸಿದ್ದು.

ಈಗ ಆ ಬಿರುಗಾಳಿಯ ಮಾತಿಗೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ, ಮಳೆಗಾಲ ಇನ್ನೂ ಶುರುವಾಗದ ಹೊತ್ತಿನಲ್ಲಿ, ಅರಬ್ಬೀ ಸಮುದ್ರದಲ್ಲಿ ಒಂದು ಚಂಡಮಾರುತ ಹುಟ್ಟಿತು. ಅದರ ಹೆಸರು ಇಲ್ಲಿ ಬೇಡ, ನನಗೆ ಆ ಹೆಸರು ಬಾಯಲ್ಲಿ ತರಲೂ ಮನಸ್ಸಿಲ್ಲ. ಅಲ್ಲಿಯ ತನಕ ನಮ್ಮ ಗುಂಪಿನವರು ನನಗೆ ಮಳೆ ಪ್ರೀತಿಸುವ ಸಭ್ಯರಾಗಿಯೇ ಕಂಡಿದ್ದರು. ಆ ನಾಲ್ಕಾರು ದಿನಗಳಲ್ಲಿ ಅವರೆಲ್ಲ ಕುಸ್ತಿ ಕಣದ ಸುತ್ತ ನಿಂತವರ ಹಾಗಾದರು. ಬೆಳಗಾದರೆ ಗೋಕುಲ ರಸ್ತೆಯ ಕೋಣೆಯಲ್ಲಿ ಜಮಾವಣೆ. ಗಾಳಿಯ ವೇಗ ಏರಿತೆಂದರೆ ಮುಖ ಅರಳುವುದು, ಒಣಗಾಳಿ ಒಳಹೊಕ್ಕು ಅದು ಸ್ವಲ್ಪ ಸೊರಗಿತೆಂದರೆ ಸ್ವಂತ ಪೈಲ್ವಾನ ಬಿದ್ದಂತೆ ಒದ್ದಾಟ. ಗೋಡೆಯ ಮೇಲಿನ ನಕ್ಷೆಯಲ್ಲಿ, ಅದು ಎಲ್ಲಿ ನೆಲ ಮುಟ್ಟುತ್ತದೆ ಎಂದು ಒಬ್ಬೊಬ್ಬರೂ ತಮ್ಮ ತಮ್ಮ ಗುಂಡುಸೂಜಿ ಚುಚ್ಚಿದ್ದರು. ಯಾರ ಸೂಜಿ ಹತ್ತಿರವಾಗುತ್ತದೋ ಅವರಿಗೆ ಉಳಿದವರು ಗಿರಮಿಟ್ಟು, ಮಿರ್ಚಿ ತಿನ್ನಿಸಬೇಕು. ಆ ಸೂಜಿಯ ಮೊನೆಯ ಕೆಳಗೆ ಊರುಗಳಿದ್ದವು ಎಂಬುದು ಯಾರ ತಲೆಗೂ ಹೋದಂತೆ ಕಾಣಲಿಲ್ಲ.

ಒಂದು ಮಧ್ಯಾಹ್ನ ನಾನು ಆ ಕೋಣೆಗೆ ಹೋದಾಗ ಕಾಕಾ ಎಲ್ಲರಿಗೂ ಪೇಡೆ ಹಂಚುತ್ತಿದ್ದರು. ಮೊಮ್ಮಗು ಹುಟ್ಟಿತೇ ಎಂದು ಕೇಳಿದೆ. ಶ್ರೀಧರ ಪರದೆಯತ್ತ ಬೆರಳು ಮಾಡಿದ. ಬೆಳ್ಳನೆಯ ಸುಳಿಯ ನಡುವೆ ಒಂದು ಕಪ್ಪು ಚುಕ್ಕೆ, ದುಂಡಗೆ, ಸ್ಪಷ್ಟವಾಗಿ. ಬಿರುಗಾಳಿಗೆ ಕಣ್ಣು ಮೂಡಿತ್ತು. ಕಣ್ಣು ಮೂಡಿತೆಂದರೆ ಅದು ಪೂರ್ತಿ ಬಲಕ್ಕೆ ಬಂದಂತೆ. ಅದಕ್ಕಾಗಿ ಪೇಡೆ. ನನ್ನ ಕೈಗೂ ಒಂದು ಇಟ್ಟರು. ಬಾಯಿಗೆ ಹಾಕಿಕೊಳ್ಳಲಾಗದೆ, ಎಸೆಯಲಾಗದೆ, ಮನೆ ಮುಟ್ಟುವ ತನಕ ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದೆ. ಧಾರವಾಡದ ಸಪ್ತಾಪುರದ ನಮ್ಮ ಓಣಿಯಲ್ಲಿ ಅದನ್ನು ನಾಯಿಯ ಮುಂದೆ ಹಾಕಿದಾಗ ನನ್ನ ಕೈ ಜಿಡ್ಡು ಜಿಡ್ಡಾಗಿತ್ತು, ಸಾಬೂನು ಹಾಕಿ ತಿಕ್ಕಿ ತೊಳೆದೆ.

ಅಷ್ಟರಲ್ಲಿ ಗಿರಿಜಾಳ ಊರಿನಲ್ಲಿ ಡಂಗುರ ಹೊಡೆಸಿದ್ದರು. ದಂಡೆಯ ಮನೆಗಳವರೆಲ್ಲ ಊರ ಮೇಲಿನ ಸಾಲಿಯ ಕಟ್ಟಡಕ್ಕೆ ಹೋಗಿ ಉಳಿಯಬೇಕು ಎಂದು. ನೆರೆಯವರು ಗಂಟುಮೂಟೆ ಕಟ್ಟಿದರು. ಗಿರಿಜಾ ಕಟ್ಟಲಿಲ್ಲ. ಬಿರುಗಾಳಿ ಅವಳ ಊರಿನಿಂದ ಬಹಳ ದೂರ ಸಮುದ್ರದಲ್ಲೇ ಹಾದು ಬಡಗಣಕ್ಕೆ, ಗುಜರಾತಿನ ಕಡೆಗೆ ಹೋಗುತ್ತದೆ ಎಂದು ನಮ್ಮ ಗುಂಪಿನ ಲೆಕ್ಕಾಚಾರ. ಸರಕಾರದ ಲೆಕ್ಕಾಚಾರವೂ ಹೆಚ್ಚುಕಡಿಮೆ ಅದೇ. ಆದರೆ ತೆರೆಗಳು ಏಳುತ್ತವೆ ಎಂದೂ ಅವರು ಹೇಳಿದ್ದರು. ಆ ತೆರೆಗಳೇ ನಮ್ಮವರಿಗೆ ಬೇಕಾಗಿದ್ದವು. ಎಲ್ಲರೂ ಹಗಲೆಲ್ಲ ಅವಳಿಗೆ ಬರೆಯುತ್ತಿದ್ದರು: ಇನ್ನೊಂದು ವಿಡಿಯೋ ಹಾಕ್ರಿ ಮೇಡಂ, ಗೋಡೆಯ ಹತ್ತಿರ ನಿಂತು ತೆಗೀರಿ, ಗಾಳಿಯ ಸದ್ದು ಛಲೋ ಬರಾಕತ್ತೈತಿ. ಅವಳೂ ಹಾಕುತ್ತಿದ್ದಳು. ಇಷ್ಟು ಜನ ಒಂದೇ ಸಲ ತನ್ನನ್ನು ಹೊಗಳಿದ್ದು ಅವಳಿಗೆ ಹೊಸದು.

ಸಾಲಿಗೆ ಹೋಗೆಂದು ನಾನು ಫೋನಿನಲ್ಲಿ ಹೇಳಿದೆ, ಗದರಿದೆ, ಕೊನೆಗೆ ಅವ್ವನ ಹೆಸರು ಎತ್ತಿದೆ. ಇಂಥದ್ದನ್ನು ಕಣ್ಣಾರೆ ನೋಡುವ ಭಾಗ್ಯ ಮತ್ತೆ ಬರುವುದಿಲ್ಲ, ನೀನು ಸುಮ್ಮನೆ ಹೆದರುತ್ತೀ ಎಂದಳು. ಅವಳು ನನ್ನ ಮಾತು ಕೇಳುವ ವಯಸ್ಸು ದಾಟಿದ್ದಳು, ಕಾಕಾನ ಮಾತನ್ನಾದರೂ ಕೇಳಿಯಾಳು ಎಂದು ಮತ್ತೆ ಹುಬ್ಬಳ್ಳಿಗೆ ಹೋದೆ.

"ಸಾಲಿಗೆ ಹೋಗು ಅಂತ ಆಕಿಗೆ ನೀವೊಂದು ಮಾತು ಹೇಳ್ರಿ ಕಾಕಾ," ಎಂದೆ. "ನೀವು ಹೇಳಿದ್ರ ಕೇಳ್ತಾಳ."

ಕಾಕಾ ಪರದೆಯಿಂದ ಕಣ್ಣು ಕೀಳಲಿಲ್ಲ. "ಅದು ಆಕಿ ದಂಡಿ ಮುಟ್ಟಂಗಿಲ್ಲ ಮೇಡಂ. ಮ್ಯಾಲ ಹೊಂಟೈತಿ ಅದು. ಮತ್ತ ಸಮುದ್ರದ ಎದುರಿಗೆ ನಮ್ಮವರು ಒಬ್ಬರರ ಇರಬೇಕಲ್ರಿ."

ಒಳ್ಳೆಯ ಮನುಷ್ಯ ಪಾಟೀಲ ಕಾಕಾ. ನಮ್ಮ ಮಾವನವರ ಕೊನೆಯ ಕಾಯಿಲೆಯಲ್ಲಿ ಎರಡು ಸಲ ತಮ್ಮ ಕಾರು ಕಳಿಸಿಕೊಟ್ಟವರು. ಆ ಮನುಷ್ಯ ಈ ಮಾತನ್ನು ಇಷ್ಟು ನಿರಾಳವಾಗಿ ಆಡಿದರು. ಬಸ್ಸು ಹತ್ತಿ ಧಾರವಾಡಕ್ಕೆ ಬಂದುಬಿಟ್ಟೆ.

ಮರುದಿನ ಬೆಳಿಗ್ಗೆ ಆಕಾಶ ಬೂದು ಬಣ್ಣಕ್ಕೆ ತಿರುಗಿತ್ತು. ಬಿರುಗಾಳಿಯ ಹೊರಗಿನ ಮೋಡಗಳು ನಮ್ಮ ತನಕ ಹಬ್ಬಬಹುದು, ಧಾರವಾಡಕ್ಕೂ ನಾಲ್ಕು ಹನಿ ಬೀಳಬಹುದು ಎಂದು ಶ್ರೀಧರ ಹಿಂದಿನ ದಿನ ಬರೆದಿದ್ದ. ಆ ವರ್ಷ ನಮ್ಮ ಮನೆಯ ಮೇಲೆ ಇನ್ನೂ ಒಂದು ಹನಿ ಮಳೆ ಬಿದ್ದಿರಲಿಲ್ಲ. ಅಕ್ಕಪಕ್ಕದವರ ಹಾಗೆ ನಮ್ಮ ಅತ್ತೆಯವರೂ ಮಾಳಿಗೆಯ ಮೇಲೆ ಸಂಡಿಗೆ ಇಟ್ಟಿದ್ದರು. ಹಿಂದಿನ ದಿನದ್ದು ಪೂರ್ತಿ ಒಣಗಿಲ್ಲವೆಂದು ಅದನ್ನು ತೆಳ್ಳಗಿನ ಧೋತರ ಮುಚ್ಚಿ ಅಲ್ಲೇ ಬಿಟ್ಟಿದ್ದರು. ಹಗ್ಗದ ಮೇಲೆ ಬಟ್ಟೆಯೂ ಇತ್ತು. ನಾನು ಗಿರಿಜಾಳ ಚಿಂತೆಯಲ್ಲಿ ಸರಿಯಾಗಿ ನಿದ್ದೆ ಮಾಡದೆ, ಅರ್ಧ ಮಂಪರಿನಲ್ಲಿ ರೂಢಿಯಂತೆ ಮೇಲೆ ಹತ್ತಿದೆ.

ಆಲಿಕೆ ತೆಗೆದು ಬಾಟಲಿ ಎತ್ತಿದೆ. ತೂಕವಾಗಿತ್ತು. ನೀರಿತ್ತು, ತಳದಿಂದ ನಾಲ್ಕು ಬೆರಳಿನಷ್ಟು. ಅಂತೂ ಬಿತ್ತಲ್ಲ ಎಂದುಕೊಂಡೆ. ಸುತ್ತಲೂ ನೋಡುವ ವ್ಯವಧಾನ ಇರಲಿಲ್ಲ. ಅಳತೆಗೊಳವೆಗೆ ಹೊಯ್ದೆ, ಗುರುತು ನೋಡಿದೆ, ಕೈ ತನ್ನಷ್ಟಕ್ಕೆ ಗುಳಿಯಾಯಿತು. ತೀರ್ಥ ತೆಗೆದುಕೊಂಡೆ.

ಥೂ. ಈಗ ಬರೆಯುವಾಗಲೂ ನಾಲಿಗೆ ಒಳಗೆ ಸೇದಿಕೊಳ್ಳುತ್ತಿದೆ. ಉಪ್ಪೆಂದರೆ ಸಾರಿಗೆ ಎರಡು ಸಲ ಉಪ್ಪು ಬಿದ್ದಾಗಿನ ಉಪ್ಪಲ್ಲ. ಗಂಟಲನ್ನು ಹಿಡಿದುಕೊಳ್ಳುವ, ಕೊಳೆತ ವಾಸನೆಯ, ಲೋಳೆ ಲೋಳೆಯಾದ ಉಪ್ಪು. ಅರ್ಧ ಗಂಟಲಿಗೆ ಇಳಿದುಬಿಟ್ಟಿತ್ತು. ಮಾಳಿಗೆಯ ಮೂಲೆಯ ಮೋರಿಗೆ ಓಡಿ, ಬಗ್ಗಿ, ಹಿಂದಿನ ದಿನದ ಊಟವೂ ಬರುವಂತೆ ವಾಂತಿ ಮಾಡಿಕೊಂಡೆ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಆ ಅಸಹ್ಯದಲ್ಲಿ ಕೊಳವೆಯಲ್ಲಿದ್ದದ್ದನ್ನೂ ಬಾಟಲಿಯಲ್ಲಿ ಉಳಿದದ್ದನ್ನೂ ಅದೇ ಮೋರಿಗೆ ಸುರಿದು, ನಲ್ಲಿ ಬಿಟ್ಟು, ಬಟ್ಟೆಯ ಸಾಬೂನಿನಿಂದ ಎರಡನ್ನೂ ತೊಳೆದುಹಾಕಿದೆ. ಇಡೀ ಜೀವಮಾನ ಹುಡುಗರಿಗೆ ಪರೀಕ್ಷೆ ಮುಗಿಯುವ ಮೊದಲು ದ್ರಾವಣ ಚೆಲ್ಲಬೇಡಿ ಎಂದು ಹೇಳಿದವಳು ನಾನು.

ಬಾಯಿ ಮುಕ್ಕಳಿಸಿ ಎದ್ದು ನಿಂತ ಮೇಲೆ ಮಾಳಿಗೆಯನ್ನು ನೋಡಿದೆ. ನೆಲ ಒಣಗಿತ್ತು. ಧೂಳಿನ ಮೇಲೆ ನಿನ್ನೆಯ ಪಾರಿವಾಳದ ಹೆಜ್ಜೆಗಳು ಹಾಗೇ ಇದ್ದವು. ಹಗ್ಗದ ಬಟ್ಟೆ ಗರಿಗರಿಯಾಗಿತ್ತು. ಧೋತರ ಎತ್ತಿ ನೋಡಿದರೆ ಸಂಡಿಗೆಗೆ ಒಂದು ಹನಿ ತಾಗಿರಲಿಲ್ಲ. ಅಂಗೈ ಅಗಲದ ಆಲಿಕೆಯೊಳಗೆ ಮಾತ್ರ ನೀರು ಬಿದ್ದಿತ್ತು, ಅದರ ಸುತ್ತ ಎಲ್ಲೂ ಇಲ್ಲ.

ಗಿರಿಜಾಳಿಗೆ ಫೋನು ಮಾಡಿದ್ದು ಏನೋ ಹೊಳೆದು ಎಂದು ನೀವು ತಿಳಿದರೆ ಅದು ತಪ್ಪು. ನನಗೆ ಏನೂ ಹೊಳೆಯಲಿಲ್ಲ. ಇಂಥ ಹೇಸಿಗೆಯ ಸಂಗತಿಯನ್ನು ಹೇಳಿಕೊಳ್ಳಲು ನನಗೆ ಇರುವವಳು ಅವಳೊಬ್ಬಳೇ, ಅದಕ್ಕೆ ಮಾಡಿದೆ. ಬೈಯಬೇಕೆಂದೂ ಇತ್ತು. ನಿಮ್ಮ ಈ ತೀರ್ಥ, ನಿಮ್ಮ ಈ ಗುಂಪು, ಎಲ್ಲಕ್ಕೂ ಒಂದು ನಮಸ್ಕಾರ ಎನ್ನಬೇಕೆಂದಿತ್ತು. ಬಹಳ ಹೊತ್ತು ಗಂಟೆ ಬಾರಿಸಿದ ಮೇಲೆ ಅವಳು ಎತ್ತಿದಳು. ಹಿಂದೆ ಮಳೆಯ ಸದ್ದು, ಅದಕ್ಕೂ ಹಿಂದೆ ಸಮುದ್ರದ ಸದ್ದು.

"ಅಕ್ಕಾ, ಆಮ್ಯಾಲ ಮಾತಾಡ್ತೇನಿ. ರೀಡಿಂಗ್ ತಗೊಳ್ಳಾಕ ಹೊಂಟೇನಿ," ಎಂದಳು. ರೇನ್‌ಕೋಟು ಹಾಕಿಕೊಂಡು ಹೊಸ್ತಿಲಲ್ಲಿ ನಿಂತಿದ್ದಳಂತೆ. ಮಳೆ ಹೊಡೆಯುತ್ತಿದೆ, ತೆರೆ ಗೋಡೆಗೆ ಬಡಿಯುತ್ತಿದೆ, ಇವಳು ಗೋಡೆಯ ಮೂಲೆಗೆ ಹೋಗಿ ನೀರು ಅಳೆಯಬೇಕು. ನಮ್ಮ ಗುಂಪಿನ ಮಂದಿಯಲ್ಲದೆ ಭೂಮಿಯ ಮೇಲೆ ಇನ್ನಾರೂ ಮಾಡದ ಕೆಲಸ.

"ನಿಂದ್ರು," ಎಂದೆ. "ನನ್ನ ಮಾಪಕದಾಗ ಉಪ್ಪುನೀರು ಬಿದ್ದೈತಿ. ತೀರ್ಥ ಅಂತ ಕುಡದು ವಾಂತಿ ಮಾಡ್ಕೊಂಡೇನಿ."

ಅವಳು ನಗತೊಡಗಿದಳು. ಮಂಗ್ಯಾ ಉಚ್ಚೆ ಹೊಯ್ದಿರಬೇಕು, ಇಷ್ಟು ಓದಿದಾಕಿ ಅದನ್ನು ಕುಡಿದೆಯಲ್ಲ ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. ಮಂಗ್ಯಾನದಲ್ಲ ಎಂದೆ. ಮತ್ತೆ ಯಾರದು ಎಂದು ಕೇಳಿದಳು. ಮಾಳಿಗೆಯೆಲ್ಲ ಒಣಗಿದೆ, ಸಂಡಿಗೆ ಒಣಗಿದೆ, ಅದೊಂದರಲ್ಲೇ ನೀರಿದೆ ಎಂದು ನಾನು, ಅದಕ್ಕೇ ಮಂಗ್ಯಾನದು ಎನ್ನುವುದು ಎಂದು ಅವಳು. ಅಕ್ಕತಂಗಿಯರು ಹೀಗೆ ಉಚ್ಚೆಯ ಬಗ್ಗೆ ವಾದ ಮಾಡುತ್ತ ನಿಂತೆವು. ಫೋನು ಇಡುತ್ತೇನೆ ಎಂದು ಎರಡು ಸಲ ಅಂದಳು, ಇಡಲಿಲ್ಲ. ಕೊನೆಗೆ ನಾನು, ನಿನ್ನ ಮನೆ ನೋಡಲು ಬಂದಾಗ ಸಮುದ್ರದಲ್ಲಿ ಬಿದ್ದು ಕುಡಿದೆನಲ್ಲ, ಅದೇ ನೀರು ಎಂದುಬಿಟ್ಟೆ. ಬಾಯಿಂದ ಬಂದ ಮೇಲೇ ನನಗೂ ಅದು ಗೊತ್ತಾದದ್ದು.

ಗಿರಿಜಾಳ ನಗು ನಿಂತಿತು. "ಅಕ್ಕಾ, ಖರೇ ಹೇಳು. ಉಪ್ಪು ಹೋದ ಮ್ಯಾಲ ನಾಲಿಗಿ ಮ್ಯಾಲ ಕಹಿ ಉಳೀತೇನು?"

"ಈಗೂ ಐತಿ," ಎಂದೆ.

ಸಮುದ್ರದ ನೀರು ಕಡೆಗೆ ಕಹಿ ಬಿಡುತ್ತದೆ ಎಂದು ಅಲ್ಲಿ ಮೂರು ವರ್ಷ ಇದ್ದವಳಿಗೆ ಗೊತ್ತು. ನಾನು ಹಲೋ ಹಲೋ ಎನ್ನುತ್ತಿದ್ದೆ. ಆಗ ಆ ಕಡೆ ಒಂದು ಸದ್ದಾಯಿತು. ದೊಡ್ಡ ಸದ್ದೇನಲ್ಲ. ಲಾರಿಯಿಂದ ಕಲ್ಲು ಇಳಿಸಿದರೆ ಆಗುವಂಥದ್ದು. ಆಮೇಲೆ ನೀರು ನೆಲದ ಮೇಲೆ ಹರಿದು ಬರುವ ಸದ್ದು.

"ಅಕ್ಕಾ, ಗ್ವಾಡಿ ಹೋತು," ಎಂದಳು ಗಿರಿಜಾ. ಅವಳ ದನಿ ಎರಡು ಜಡೆಯ ಹುಡುಗಿಯ ದನಿಯ ಹಾಗಿತ್ತು. "ಡಬ್ಬಿ ಇದ್ದ ಮೂಲಿನೇ ಇಲ್ಲ."

ಹಿತ್ತಲ ಬಾಗಿಲಿನಿಂದ ಹೊರಡು ಎಂದೆ. ಈ ಸಲ ಅವಳು ಎದುರು ಮಾತಾಡಲಿಲ್ಲ. ರೇನ್‌ಕೋಟಿನಲ್ಲೇ, ಬರಿಗಾಲಿನಲ್ಲಿ, ಮೇಲಿನ ಸಾಲಿಗೆ ಹೋದಳು. ಹೋಗಿ ಮುಟ್ಟಿದ ಮೇಲೆ ನೆರೆಯವರೊಬ್ಬರ ಫೋನಿನಿಂದ ಮಾತಾಡಿದಳು. ಅಷ್ಟರ ತನಕ ನಾನು ಮಾಳಿಗೆಯ ಮೇಲೆ ಆ ಮೋರಿಯ ಹತ್ತಿರವೇ ಕೂತಿದ್ದೆ. ಅತ್ತೆಯವರು ಬಂದು ಏನಾಯಿತೆಂದು ಕೇಳಿದರೆ, ಸಂಡಿಗೆ ಒಣಗಿದೆ ಎಂದು ಹೇಳಿದೆನಂತೆ.

ಗುಂಪಿನವರಿಗೆ ತಿಳಿಸುವುದು ಧರ್ಮ ಎಂದುಕೊಂಡು, ಗಿರಿಜಾಳ ಅಂಗಳದ ಗೋಡೆ ಬಿದ್ದಿದೆ, ಮಾಪಕ ಕೊಚ್ಚಿ ಹೋಗಿದೆ, ಅವಳು ಒಂದು ಗಳಿಗೆಯ ಅಂತರದಲ್ಲಿ ಪಾರಾಗಿ ಸಾಲಿ ಸೇರಿದ್ದಾಳೆ ಎಂದು ಬರೆದೆ. ಮೊದಲ ಉತ್ತರ ಶ್ರೀಧರನದು. "ಗೋಡೆ ಬೀಳೋದು ವಿಡಿಯೋ ಸಿಕ್ಕೈತೇನ್ರಿ ಮೇಡಂ?" ಅದರ ಕೆಳಗೆ ಯಾರೋ ಕೈಮುಗಿದ ಚಿತ್ರ ಹಾಕಿದ್ದರು. ಅದರ ಕೆಳಗೆ ಇನ್ನಾರೋ ಬಿರುಗಾಳಿಯ ಹೊಸ ಚಿತ್ರ ಹಾಕಿ, ಕಣ್ಣು ಇನ್ನಷ್ಟು ಸ್ಪಷ್ಟವಾಗಿದೆ ಎಂದು ಬರೆದಿದ್ದರು. ಆ ಹೊತ್ತು ನನಗೆ ಬಂದ ಹೇಸಿಗೆಯ ಮುಂದೆ ಬೆಳಿಗ್ಗೆ ಕುಡಿದ ನೀರು ಏನೂ ಅಲ್ಲ. ಗುಂಪಿನಿಂದ ಹೊರಬಿದ್ದೆ. ಮರುದಿನ ಬಿರುಗಾಳಿ ಬಡಗಣದಲ್ಲಿ ಎಲ್ಲಿಯೋ ನೆಲ ಮುಟ್ಟಿತು. ಯಾರ ಸೂಜಿ ಗೆದ್ದಿತೋ, ಮಿರ್ಚಿ ಯಾರು ತಿಂದರೋ ನಾನು ವಿಚಾರಿಸಲಿಲ್ಲ.

ವಾರದ ಮೇಲೆ ಕಾಕಾ ಮನೆಗೇ ಬಂದರು. ಗಿರಿಜಾಳ ಕ್ಷೇಮ ಕೇಳಿದರು, ಕಣ್ಣು ಒದ್ದೆ ಮಾಡಿಕೊಂಡರು. ಅದು ನಾಟಕವಲ್ಲ, ನನಗೆ ಗೊತ್ತು. ನಾನು ಮನಸ್ಸು ಕರಗಿ ನೀರಿನ ವಿಷಯ ಹೇಳಿದೆ. ಕೇಳಿದ ಕೂಡಲೇ ಅವರ ಮುಖಕ್ಕೆ ಮತ್ತೆ ಪೇಡೆ ಹಂಚಿದ ದಿನದ ಕಳೆ ಬಂತು. ಸುಂಟರಗಾಳಿ ಸಮುದ್ರದ ನೀರನ್ನು ಎತ್ತಿ ದೂರ ಒಯ್ದು ಸುರಿಯುವುದುಂಟು, ಮೀನು ಬಿದ್ದದ್ದೂ ಉಂಟು, ಎಂಥ ಅಪರೂಪದ ಮಾದರಿ, ಅದನ್ನು ಮೋರಿಗೆ ಸುರಿದಿರಲ್ಲ ಎಂದು ತಲೆ ಚಚ್ಚಿಕೊಂಡರು. ಹಾಗಾದರೆ ಅದು ಒಂದು ಆಲಿಕೆಯನ್ನೇ ಹುಡುಕಿ ಸುರಿಯಿತೇ ಎಂದು ಕೇಳಿದೆ. ಚಹಾ ಕುಡಿದು ಹೋದರು. ಹೋಗುವಾಗ ಮಾಪಕ ತೆಗೆಯಬೇಡಿ ಎಂದು ಹೇಳಿದರು.

ನನ್ನ ಗಂಡನದು ಇಂದಿಗೂ ಮಂಗನ ಪಕ್ಷ. ಇರಬಹುದು. ಸಪ್ತಾಪುರದಲ್ಲಿ ಮಂಗಗಳಿಗೇನೂ ಕೊರತೆಯಿಲ್ಲ. ಆದರೆ ಎದುರಿಗೇ ಹರವಿದ್ದ ಸಂಡಿಗೆಯನ್ನು ಮುಟ್ಟದೆ, ಬಟ್ಟೆ ಎಳೆಯದೆ, ಧೂಳಿನಲ್ಲಿ ಹೆಜ್ಜೆ ಮೂಡಿಸದೆ, ಅಂಗೈ ಅಗಲದ ಆಲಿಕೆಗೆ ಗುರಿ ಇಟ್ಟು ಒಂದು ಹನಿ ಹೊರಚೆಲ್ಲದೆ ಹೊಯ್ದು ಹೋದ ಆ ಸಜ್ಜನ ಮಂಗನನ್ನು ನಾನು ಒಮ್ಮೆ ನೋಡಬೇಕಾಗಿದೆ. ಯಾರಾದರೂ ಬೇಕೆಂದೇ ಮಾಡಿದ ಕೀಟಲೆಯೇ ಎಂದೂ ಯೋಚಿಸಿದೆ. ನಮ್ಮ ಮಾಳಿಗೆಯ ಮೆಟ್ಟಿಲು ಮನೆಯೊಳಗಿನಿಂದಲೇ ಇದೆ. ಅತ್ತೆ, ಗಂಡ, ನಾನು ಬಿಟ್ಟರೆ ಅಲ್ಲಿ ಹತ್ತುವವರಿಲ್ಲ.

ಆಲಿಕೆಯ ಅಂಚಿನ ಒಳಗೆ, ತೊಳೆಯುವಾಗ ಕೈ ತಾಗದ ಕಡೆ, ಬೆಳ್ಳಗೆ ಒಣಗಿದ ಒಂದು ಕಲೆ ಉಳಿದಿತ್ತು. ಅದನ್ನು ಶುದ್ಧ ನೀರಿನಲ್ಲಿ ಕರಗಿಸಿ, ಕಾಲೇಜಿನಲ್ಲಿ ಯಾರೂ ಇಲ್ಲದಾಗ ಬೆಳ್ಳಿಯ ನೈಟ್ರೇಟು ಹಾಕಿ ನೋಡಿದೆ. ಹಾಲು ಒಡೆದಂತೆ ಬೆಳ್ಳಗಾಯಿತು. ಎಂದರೆ ಉಪ್ಪು ಇತ್ತು. ಅಷ್ಟೇ ಗೊತ್ತಾದದ್ದು. ಉಪ್ಪು ಸಮುದ್ರದಲ್ಲೂ ಇರುತ್ತದೆ, ಮಂಗನಲ್ಲೂ ಇರುತ್ತದೆ. ಮುಂದಿನ ಪರೀಕ್ಷೆಗೆ ದ್ರಾವಣ ಉಳಿಯಲಿಲ್ಲ. ಒಮ್ಮೊಮ್ಮೆ ಅನಿಸುತ್ತದೆ, ಉಳಿದಿದ್ದರೂ ನಾನು ಮಾಡುತ್ತಿದ್ದೆನೋ ಇಲ್ಲವೋ ಎಂದು. ಮಂಗನದೆಂದು ಗೊತ್ತಾದರೆ ಅಸಹ್ಯ. ಅಲ್ಲವೆಂದು ಗೊತ್ತಾದರೆ ಏನು ಮಾಡಬೇಕೋ ನನಗೆ ತಿಳಿಯದು. ಎರಡರಲ್ಲಿ ಯಾವುದನ್ನು ಕುಡಿದೆ ಎಂಬುದು ತಿಳಿಯದೆ ಇಷ್ಟು ವರ್ಷ ಕಳೆದಿದ್ದೇನೆ.

ಗಿರಿಜಾಳಿಗೆ ಆಮೇಲೆ ಧಾರವಾಡದ ಕಡೆಗೇ ವರ್ಗವಾಯಿತು. ಆ ದಿನ ನಾನು ಫೋನು ಮಾಡದಿದ್ದರೆ ಎಂಬ ಮಾತನ್ನು ನಾವಿಬ್ಬರೂ ಎತ್ತುವುದಿಲ್ಲ. ಎತ್ತಿದರೆ ನಾನು ಮೊದಲೇ ಹೇಳಿದೆನಲ್ಲ, ಎಲೆ ಅಡಿಕೆ ಮೆಲ್ಲುವ ಆ ಮಂದಿ, ಅವರ ಮುಖದ ಸುಖ ನನ್ನ ಮುಖದಲ್ಲೂ ಬಂದೀತೆಂದು ನನಗೆ ಭಯ. ಅವಳಿಗೂ ಅದೇ ಇರಬೇಕು.

ಮಾಪಕವನ್ನು ಮಾತ್ರ ನಾನು ತೆಗೆಯಲಿಲ್ಲ. ಏಕೆಂದು ಕೇಳಬೇಡಿ. ಗುಂಪು ಬಿಟ್ಟರೂ ಬೆಳಿಗ್ಗೆ ಮಾಳಿಗೆ ಹತ್ತುವುದು ತಪ್ಪಿಲ್ಲ. ವರ್ಷದ ಮೊದಲ ಮಳೆ ಬಿದ್ದ ದಿನ ಬಾಟಲಿ ಎತ್ತಿಕೊಂಡು ಕೆಳಗೆ ಬರುತ್ತೇನೆ, ನನ್ನ ಬಾಯಿಗೆ ಅದನ್ನು ಹಾಕಿಕೊಳ್ಳಲು ಇಂದಿಗೂ ಆಗುವುದಿಲ್ಲ. ಗಿರಿಜಾ ಆ ದಿನ ಎಲ್ಲಿದ್ದರೂ ಬರುತ್ತಾಳೆ. ಅಡಿಗೆ ಮನೆಯಲ್ಲಿ ನಿಂತು ಅಂಗೈ ಗುಳಿ ಮಾಡಿ ಮುಂದೆ ಚಾಚುತ್ತಾಳೆ. ನಾನು ಹೊಯ್ಯುತ್ತೇನೆ. ಅವಳು ಕಣ್ಣು ಮುಚ್ಚಿ ಕುಡಿದು, ನಾಲಿಗೆಯನ್ನು ಬಾಯಲ್ಲಿ ಆಡಿಸಿ, ಕಡೆಯ ರುಚಿ ಬರುವ ತನಕ ತಡೆಯುತ್ತಾಳೆ. ಅಷ್ಟು ಹೊತ್ತು ನಾನು ಅವಳ ಮುಖ ನೋಡುತ್ತ ನಿಂತಿರುತ್ತೇನೆ.

"ಸಪ್ಪಗ ಐತಿ ಅಕ್ಕಾ," ಎನ್ನುತ್ತಾಳೆ. "ಚಾ ಇಡು."